ಹದಿನಾರು ಬೀಗ, ಒಂದೇ ಲೆಕ್ಕದ ಪುಸ್ತಕ

ಕಾದಂಬರಿಗೆ ವಿಮರ್ಶೆ ಇದೆ, ನಾಟಕಕ್ಕೆ ಇದೆ. ಗಣಕದ ತಂತ್ರಾಂಶಕ್ಕೆ ಏಕಿಲ್ಲ? ಅದೂ ಮನುಷ್ಯರು ಬರೆದದ್ದೇ ತಾನೆ! ಲೈನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನಂತೂ ಯಾರು ಬೇಕಾದರೂ ಓದಬಹುದು. ಹಳೆಯ ಆವೃತ್ತಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಹಾಗೆ ಓದುವುದಕ್ಕೆ ಇಲ್ಲಿ ಆರಿಸಿಕೊಂಡಿರುವುದು ಲೈನಕ್ಸ್ ಕರ್ನಲ್‌ನ ಐಪಿವಿಎಸ್ ಎಂಬ ಚಿಕ್ಕ ಭಾಗವನ್ನು. ಕಾರಣವಿಷ್ಟೆ: ಬೀಗಗಳ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಹೇಳಿಕೊಡುವ ಒಂದು ಮಾತು ಅರ್ಧಸತ್ಯ. ಅದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಹೆಚ್ಚಿಲ್ಲ.

ಮೊದಲು ಐಪಿವಿಎಸ್ ಏನು ಮಾಡುತ್ತದೆ ಎಂದು ನೋಡೋಣ. ಹೆಚ್ಚು ಜನ ಬಳಸುವ ಜಾಲತಾಣಕ್ಕೆ ಬರುವ ಕೋರಿಕೆಗಳನ್ನೆಲ್ಲ ಒಂದೇ ಸರ್ವರ್ ಪೂರೈಸಲಾರದು. ಆದ್ದರಿಂದ ಹತ್ತಾರು ಸರ್ವರ್‌ಗಳನ್ನಿಟ್ಟು, ಅವುಗಳ ಮುಂದೆ ಒಂದು ಗಣಕವನ್ನು ನಿಲ್ಲಿಸಿ, ಬಂದ ಹೊರೆಯನ್ನು ಅದರ ಮೂಲಕ ಹಂಚುತ್ತಾರೆ. ಚೀನಾದ ವೆನ್‌ಸಾಂಗ್ ಝಾಂಗ್ 1998ರಲ್ಲಿ ಲೈನಕ್ಸ್‌ಗಾಗಿ ಈ ಕೆಲಸವನ್ನು ಆರಂಭಿಸಿದರು. 2003ರಲ್ಲಿ ಹೊರಬಂದ ಕರ್ನಲ್ 2.6ರ ಹೊತ್ತಿಗೆ ಅದು ಕರ್ನಲ್‌ನ ಆಕರದಲ್ಲೇ ಸೇರಿತ್ತು.

ಹಂಚುವ ಗಣಕಕ್ಕೆ ನೆನಪು ಬೇಕು. ಒಂದು ಸಂಪರ್ಕದ ಮೊದಲ ಪ್ಯಾಕೆಟ್ ಯಾವ ಸರ್ವರಿಗೆ ಹೋಯಿತೋ ಉಳಿದವೂ ಅಲ್ಲಿಗೇ ಹೋಗಬೇಕಲ್ಲವೆ? ಅದಕ್ಕಾಗಿ ಒಂದು ಸಂಪರ್ಕ ಕೋಷ್ಟಕವಿದೆ. ಪ್ರತಿ ಪ್ಯಾಕೆಟ್ ಬಂದಾಗಲೂ ಅದನ್ನು ಓದಬೇಕು, ಹೊಸ ಸಂಪರ್ಕ ಬಂದಾಗ ಮಾತ್ರ ಅದರಲ್ಲಿ ಬರೆಯಬೇಕು. ಗಣಕದಲ್ಲಿ ಹಲವು ಕೋರ್‌ಗಳಿದ್ದು ಎಲ್ಲವೂ ಇದೇ ಕೋಷ್ಟಕಕ್ಕೆ ಕೈ ಹಾಕುತ್ತವೆ. ಒಂದು ಕೋರ್ ಬರೆಯುತ್ತಿರುವಾಗ ಇನ್ನೊಂದು ಓದಿದರೆ ಅರ್ಧ ಬರೆದ ಸಾಲು ಅದರ ಕಣ್ಣಿಗೆ ಬಿದ್ದೀತು. ಬೀಗ ಬೇಕಾಗುವುದು ಇದಕ್ಕೇ.

ಓದುವವರಿಗೂ ಸರದಿ

ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. 1971ರಲ್ಲಿ ಕೂರ್ಟ್ವಾ, ಹೇಮನ್ಸ್ ಮತ್ತು ಪಾರ್ನಾಸ್ ‘ಓದುವವರು ಮತ್ತು ಬರೆಯುವವರು’ ಎಂಬ ಸಮಸ್ಯೆಯನ್ನು ಮಂಡಿಸಿ ಬಿಡಿಸಿದರು. ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಬರೆಯುವವನು ಮಾತ್ರ ಒಬ್ಬನೇ ಇರಬೇಕು. ಇದನ್ನು ಜಾರಿಗೆ ತರುವ ಬೀಗವೇ ಓದು-ಬರಹ ಬೀಗ. ಓದುವ ಕೆಲಸವೇ ಹೆಚ್ಚಿರುವ ಕಡೆ ಇದನ್ನು ಬಳಸಿದರೆ ಓದುವವರು ಒಬ್ಬರನ್ನೊಬ್ಬರು ತಡೆಯುವುದಿಲ್ಲ ಎಂದು ನೀವು ಬೋಧಿಸಿರಬಹುದು, ಅಥವಾ ಪರೀಕ್ಷೆಯಲ್ಲಿ ಬರೆದಿರಬಹುದು. ಅಂಕವೂ ಸಿಕ್ಕಿರುತ್ತದೆ!

ತರ್ಕದ ಮಟ್ಟದಲ್ಲಿ ಅದು ಸರಿ, ಯಂತ್ರದ ಮಟ್ಟದಲ್ಲಿ ಸರಿಯಲ್ಲ. ಒಂದು ಗ್ರಂಥಾಲಯವನ್ನು ಕಲ್ಪಿಸಿಕೊಳ್ಳಿ. ಒಳಗೆ ನೂರು ಜನ ಕೂತು ಓದಲು ಜಾಗವಿದೆ. ಆದರೆ ಬಾಗಿಲಲ್ಲಿ ಒಂದೇ ಹಾಜರಿ ಪುಸ್ತಕವಿದೆ, ಅದಕ್ಕೊಂದೇ ಪೆನ್ನು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸಹಿ ಮಾಡಲೇಬೇಕು. ಇಡೀ ದಿನ ಓದುವವರಿಗೆ ಇದು ತೊಂದರೆಯಲ್ಲ. ಒಂದೇ ಒಂದು ಪದದ ಅರ್ಥ ನೋಡಿಕೊಂಡು ಹೊರಡುವವರ ಗತಿಯೇನು? ಅವರ ಸಮಯವೆಲ್ಲ ಬಾಗಿಲಿನ ಸಾಲಿನಲ್ಲೇ ಕಳೆಯುತ್ತದೆ.

ಓದು-ಬರಹ ಬೀಗದೊಳಗೆ ಇರುವುದು ಇಂಥದ್ದೇ ಒಂದು ಎಣಿಕೆ. ಓದಲು ಬಂದ ಪ್ರತಿ ಕೋರ್ ಅದನ್ನು ತಿದ್ದಬೇಕು. ತಿದ್ದುವುದೆಂದರೆ ಬರೆಯುವುದು, ಬರೆಯಬೇಕಾದರೆ ಆ ಎಣಿಕೆ ಇರುವ ಕ್ಯಾಶ್ ಸಾಲು (ಸಾಮಾನ್ಯವಾಗಿ 64 ಬೈಟ್) ಆ ಕೋರ್‌ನ ಕೈಯಲ್ಲೇ, ಅದೊಂದರ ಕೈಯಲ್ಲೇ, ಇರಬೇಕು. ಹಾಗಾಗಿ ಸಾಲು ಒಂದು ಕೋರ್‌ನಿಂದ ಇನ್ನೊಂದಕ್ಕೆ ಚೆಂಡಿನಂತೆ ಓಡಾಡುತ್ತಿರುತ್ತದೆ. ಪ್ರತಿ ಓಡಾಟಕ್ಕೆ ಹತ್ತಾರು ನ್ಯಾನೋಸೆಕೆಂಡ್ ಹಿಡಿಯುತ್ತದೆ. ಎರಡು ಪ್ರತ್ಯೇಕ ಚಿಪ್‌ಗಳ ನಡುವೆಯಾದರೆ ಇನ್ನೂ ಹೆಚ್ಚು.

ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಈಥರ್‌ನೆಟ್ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ 64 ಬೈಟ್. ಅದರ ಮುನ್ಸೂಚನೆ ಮತ್ತು ನಡುವಿನ ಅಂತರ ಸೇರಿ 84 ಬೈಟ್, ಅಂದರೆ 672 ಬಿಟ್. ಭಾಗಿಸಿದರೆ ಒಂದು ಪ್ಯಾಕೆಟ್‌ಗೆ 67.2 ನ್ಯಾನೋಸೆಕೆಂಡ್. ಕೋರ್‌ಗಳ ಸಂಖ್ಯೆ ಹೆಚ್ಚಿಸಿದರೆ ಪ್ರತಿ ಕೋರ್‌ಗೂ ಹೆಚ್ಚು ಸಮಯ ಸಿಗುತ್ತದೆ, ನಿಜ. ಆದರೆ ಎಲ್ಲ ಪ್ಯಾಕೆಟ್‌ಗಳೂ ಹಾದುಹೋಗಲೇಬೇಕಾದ ಒಂದೇ ಒಂದು ಕ್ಯಾಶ್ ಸಾಲು ಇದ್ದರೆ, ಆ ಸಾಲಿಗೆ ಸಿಗುವುದು 67 ನ್ಯಾನೋಸೆಕೆಂಡ್ ಮಾತ್ರ. ಎರಡು ಕೋರ್ ಇದ್ದರೂ ಅಷ್ಟೆ, ಅರವತ್ತನಾಲ್ಕು ಇದ್ದರೂ ಅಷ್ಟೆ.

ಹಳೆಯ ಪಠ್ಯದ ಓದು

ಈಗ ಕರ್ನಲ್ 2.6.32ರ (2009) ಐಪಿವಿಎಸ್ ಅನ್ನು ತೆರೆಯಿರಿ. ಸಂಪರ್ಕ ಕೋಷ್ಟಕದಲ್ಲಿ ಸಾಮಾನ್ಯವಾಗಿ 4096 ಖಾನೆಗಳು. ಅವನ್ನು ಕಾಯಲು ಒಂದೇ ಬೀಗವಲ್ಲ, 16 ಓದು-ಬರಹ ಬೀಗಗಳು. ಬೇರೆ ಬೇರೆ ಖಾನೆಗಳನ್ನು ಹುಡುಕುವ ಕೋರ್‌ಗಳು ಬೇರೆ ಬೇರೆ ಬಾಗಿಲಿಗೆ ಹೋಗಲಿ ಎಂಬ ಉಪಾಯ. ಇನ್ನೂ ಮೆಚ್ಚಬೇಕಾದ ಸಂಗತಿಯೆಂದರೆ, ಪ್ರತಿ ಬೀಗವನ್ನೂ ಅದರದೇ ಕ್ಯಾಶ್ ಸಾಲಿನಲ್ಲಿ ಇಡಲಾಗಿದೆ. ಎರಡು ಬೀಗಗಳು ಒಂದೇ ಸಾಲಿನಲ್ಲಿದ್ದರೆ ಅವು ಬೇರೆಯಾಗಿದ್ದೂ ಒಂದೇ ಎಂಬಂತೆ ವರ್ತಿಸುತ್ತವೆ. ಬರೆದವರಿಗೆ ರೋಗದ ಪರಿಚಯ ಚೆನ್ನಾಗಿಯೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಮುಂದೆ ಓದುತ್ತಾ ಹೋಗಿ. ಪ್ಯಾಕೆಟ್‌ನ ಸಂಪರ್ಕ ಸಿಕ್ಕ ಬಳಿಕ ಅಂಕಿ ಅಂಶ ಬರೆಯುವ ಒಂದು ಪುಟ್ಟ ಫಂಕ್ಷನ್ ಬರುತ್ತದೆ: ಪ್ಯಾಕೆಟ್ ಸಂಖ್ಯೆಗೆ ಒಂದು ಕೂಡು, ಬೈಟ್ ಸಂಖ್ಯೆಗೆ ಅದರ ಉದ್ದ ಕೂಡು. ಇದನ್ನು ಮೂರು ಕಡೆ ಬರೆಯಬೇಕು. ಆ ಸರ್ವರಿನ ಲೆಕ್ಕದಲ್ಲಿ, ಆ ಸೇವೆಯ ಲೆಕ್ಕದಲ್ಲಿ, ಕೊನೆಗೆ ಇಡೀ ವ್ಯವಸ್ಥೆಯ ಲೆಕ್ಕದಲ್ಲಿ. ಮೂರಕ್ಕೂ ಒಂದೊಂದು ಸ್ಪಿನ್ ಬೀಗ, ಅಂದರೆ ಸಿಗುವವರೆಗೂ ಕೋರ್ ಅಲ್ಲೇ ಗಿರಕಿ ಹೊಡೆಯುತ್ತ ಕಾಯುವ ಬೀಗ. ಮೂರನೆಯದು ಇಡೀ ಗಣಕಕ್ಕೆ ಒಂದೇ! ಹದಿನಾರು ಬಾಗಿಲುಗಳಿಂದ ನುಗ್ಗಿದ ಪ್ಯಾಕೆಟ್‌ಗಳೆಲ್ಲ ಮತ್ತೆ ಒಂದೇ ಲೆಕ್ಕದ ಪುಸ್ತಕದ ಮುಂದೆ ಸಾಲು ನಿಲ್ಲುತ್ತವೆ. ಸಂಪರ್ಕದ ಸ್ಥಿತಿಗೆ ಇನ್ನೊಂದು, ಸರ್ವರಿಗೆ ಹೋಗುವ ದಾರಿಯನ್ನು ನೋಡಲು ಮತ್ತೊಂದು. ಹೀಗೆ ಈಗಾಗಲೇ ಪರಿಚಯವಿರುವ ಟಿಸಿಪಿ ಸಂಪರ್ಕದ ಒಂದು ಪ್ಯಾಕೆಟ್ ದಾಟಿಸಲು ಕನಿಷ್ಠ ಆರು ಬೀಗಗಳು.

ನನ್ನ ಆಕ್ಷೇಪ ಇರುವುದು ಬೀಗಗಳ ಸಂಖ್ಯೆಯ ಬಗ್ಗೆ ಅಲ್ಲ. ಕಷ್ಟವೆಂದು ಕಂಡ ಕೋಷ್ಟಕಕ್ಕೆ ಅಷ್ಟು ಜಾಣ್ಮೆ ಸುರಿದವರು ಸುಲಭವೆಂದು ಕಂಡ ಕೂಡುವ ಲೆಕ್ಕಕ್ಕೆ ಯೋಚನೆಯನ್ನೇ ಮಾಡಲಿಲ್ಲ ಎಂಬುದರ ಬಗ್ಗೆ. ಅವರ ಕಾಲದಲ್ಲಿ ಎರಡು ಸಂಸ್ಕಾರಕಗಳ ಗಣಕವೇ ದೊಡ್ಡದು, ಅದರಲ್ಲಿ ಈ ದೋಷ ಕಾಣುತ್ತಲೇ ಇರಲಿಲ್ಲ ಎನ್ನುವುದೂ ನ್ಯಾಯವೇ. ಆದರೂ ಆ ಒಟ್ಟು ಲೆಕ್ಕವನ್ನು ಯಾರು ಓದುತ್ತಾರೆ? ಆಗೊಮ್ಮೆ ಈಗೊಮ್ಮೆ ಒಬ್ಬ ನಿರ್ವಾಹಕ. ಅವನು ಕೇಳುವ ಆ ಗಳಿಗೆಗಾಗಿ ಪ್ರತಿ ಪ್ಯಾಕೆಟ್ಟನ್ನೂ ಸಾಲು ನಿಲ್ಲಿಸಬೇಕೆ?

2011ರಲ್ಲಿ ಈ ಪ್ರಶ್ನೆಗೆ ಉತ್ತರ ಬಂತು. ಪ್ರತಿ ಕೋರ್‌ಗೂ ಅದರದೇ ಲೆಕ್ಕದ ಪುಸ್ತಕ ಕೊಡಲಾಯಿತು. ತನ್ನ ಪುಸ್ತಕದಲ್ಲಿ ತಾನು ಬರೆಯಲು ಬೀಗ ಬೇಡ. ಒಟ್ಟು ಬೇಕೆಂದಾಗ ಎಲ್ಲ ಪುಸ್ತಕಗಳನ್ನೂ ಓದಿ ಕೂಡಬೇಕು, ಅಷ್ಟೆ.

ಸಹಿ ಇಲ್ಲದ ಗ್ರಂಥಾಲಯ

ಉಳಿದ ಬೀಗಗಳ ಸರದಿ 2013ರಲ್ಲಿ ಬಂತು. ಐಪಿವಿಎಸ್ ಅನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿರುವ ಜೂಲಿಯನ್ ಅನಸ್ತಾಸೊವ್, ಕರ್ನಲ್ 3.10ಕ್ಕಾಗಿ ಸಂಪರ್ಕ, ಸೇವೆ, ಸರ್ವರ್ ಪಟ್ಟಿಗಳನ್ನೆಲ್ಲ ಆರ್‌ಸಿಯು ಎಂಬ ವಿಧಾನಕ್ಕೆ ಬದಲಾಯಿಸಿದರು. ‘ಓದು, ನಕಲು ಮಾಡು, ನವೀಕರಿಸು’ ಎಂಬುದರ ಹ್ರಸ್ವರೂಪ ಇದು. ಪಾಲ್ ಮೆಕ್‌ಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಇದನ್ನು 1998ರ ಪ್ರಬಂಧವೊಂದರಲ್ಲಿ ವಿವರಿಸಿದ್ದರು. ಲೈನಕ್ಸ್‌ಗೆ ಇದು ಬಂದದ್ದು 2002ರ ಅಕ್ಟೋಬರ್‌ನಲ್ಲಿ. ಅದನ್ನು ತಂದವರಲ್ಲಿ ಮುಖ್ಯರಾದ ದೀಪಂಕರ್ ಶರ್ಮಾ ಅವರು ಕೆಲಸ ಮಾಡುತ್ತಿದ್ದುದು ಐಬಿಎಂನ ಬೆಂಗಳೂರು ತಂತ್ರಾಂಶ ಪ್ರಯೋಗಾಲಯದಲ್ಲಿ. ನಮ್ಮ ಊರಿನ ಈ ಕೊಡುಗೆ ನಮ್ಮ ಪಾಠಗಳಲ್ಲಿ ಏಕೆ ಕಾಣುವುದಿಲ್ಲವೋ!

ಆರ್‌ಸಿಯು ಗ್ರಂಥಾಲಯದಲ್ಲಿ ಹಾಜರಿ ಪುಸ್ತಕವೇ ಇಲ್ಲ. ಯಾರು ಬೇಕಾದರೂ ನೇರ ಒಳಗೆ ಹೋಗಿ ಪಟ್ಟಿ ನೋಡಬಹುದು. ಗ್ರಂಥಪಾಲಕ ಪಟ್ಟಿಯನ್ನು ತಿದ್ದಬೇಕೆಂದರೆ ಹಳೆಯದರ ಮೇಲೆ ಗೀಚುವುದಿಲ್ಲ. ಬೇರೆ ಹಾಳೆಯಲ್ಲಿ ಹೊಸದನ್ನು ಪೂರ್ತಿ ಬರೆದು ತಟಕ್ಕನೆ ಅದರ ಜಾಗದಲ್ಲಿಡುತ್ತಾನೆ. ಆ ಕ್ಷಣದಲ್ಲಿ ಹಳೆಯ ಹಾಳೆ ಹಿಡಿದವರು ಅದನ್ನೇ ಓದಿ ಮುಗಿಸುತ್ತಾರೆ, ಆಮೇಲೆ ಬಂದವರು ಹೊಸದನ್ನು ನೋಡುತ್ತಾರೆ. ಅರ್ಧ ಬರೆದದ್ದು ಯಾರಿಗೂ ಕಾಣುವುದಿಲ್ಲ.

ಹಳೆಯ ಹಾಳೆಯನ್ನು ಹರಿದು ಹಾಕುವುದು ಯಾವಾಗ? ಯಾರ ಕೈಯಲ್ಲಿದೆ ಎಂದು ತಿಳಿಯಲು ಸಹಿಯೂ ಇಲ್ಲವಲ್ಲ. ಇಡೀ ವಿಧಾನದ ಚಮತ್ಕಾರ ಇರುವುದು ಇಲ್ಲೇ. ಒಂದು ನಿಯಮ ಮಾತ್ರ ಇದೆ: ಹಾಳೆ ಕೈಯಲ್ಲಿರುವಾಗ ಊಟಕ್ಕೆ ಏಳುವಂತಿಲ್ಲ. ಹಾಗಾದರೆ ಒಬ್ಬ ಓದುಗ ಒಮ್ಮೆ ಊಟಕ್ಕೆ ಎದ್ದನೆಂದರೆ ಹಳೆಯ ಹಾಳೆ ಅವನ ಕೈಯಲ್ಲಿ ಇಲ್ಲವೆಂದೇ ಅರ್ಥ. ಎಲ್ಲರೂ ಒಂದೊಂದು ಸಲ ಎದ್ದದ್ದನ್ನು ನೋಡಿಕೊಂಡರೆ ಸಾಕು. ಕರ್ನಲ್‌ನ ಸರಳ ರೂಪದಲ್ಲಿ ‘ಊಟಕ್ಕೆ ಏಳುವುದು’ ಎಂದರೆ ಕೋರ್ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಬದಲಾಗುವುದು. ಹೇಗೂ ನಡೆಯುವ ಘಟನೆ ಅದು. ಈ ರೂಪದಲ್ಲಿ ಓದುವವನು ಬೀಗಕ್ಕಾಗಿ ಒಂದೇ ಒಂದು ಯಂತ್ರಾದೇಶವನ್ನೂ ನಡೆಸಬೇಕಿಲ್ಲ.

ಇಷ್ಟು ಹೊಗಳಿದ ಮೇಲೆ ಇದರ ಬೆಲೆಯನ್ನೂ ಹೇಳಬೇಕು. ಪಟ್ಟಿಯಿಂದ ತೆಗೆದ ಸರ್ವರಿಗೆ ಆಮೇಲೂ ಒಂದೆರಡು ಪ್ಯಾಕೆಟ್ ಹೋಗಬಹುದು. ಜಾಲದಲ್ಲಿ ಇದು ಸಹ್ಯ. ಆ ಪ್ಯಾಕೆಟ್ ಕ್ಷಣಾರ್ಧ ಮುಂಚೆ ಬಂದಿದ್ದರೂ ಅಲ್ಲಿಗೇ ಹೋಗುತ್ತಿತ್ತು. ಬ್ಯಾಂಕಿನ ಖಾತೆಯಲ್ಲಿ ಉಳಿದ ಹಣ ನೋಡಲು ಇದೇ ವಿಧಾನ ಬಳಸಿದರೆ ಅನಾಹುತ. ಇನ್ನೊಂದು ತೊಡಕೂ ಇದೆ. ಬೀಗ ಹಾಕಿದ್ದು ಪಠ್ಯದಲ್ಲಿ ಕಣ್ಣಿಗೆ ಕಾಣುತ್ತದೆ. ‘ಹಾಳೆ ಹಿಡಿದು ಊಟಕ್ಕೆ ಏಳಬಾರದು’ ಎಂಬ ಶಿಸ್ತು ಹಾಗೆ ಕಾಣುವುದಿಲ್ಲ. ಹೊಸಬರೊಬ್ಬರು ಐಪಿವಿಎಸ್ ಅನ್ನು ತಿದ್ದಲು ಹೊರಟರೆ 2.6.32ಕ್ಕಿಂತ 3.10 ಹೆಚ್ಚು ಕಷ್ಟ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಬೀಗಗಳೂ ಹೋಗಲಿಲ್ಲ, ಹೋಗಲೂ ಆಗದು. ಹೊಸ ಸಂಪರ್ಕವನ್ನು ಸರದಿಯಂತೆ ಹಂಚುವ ಕ್ರಮವನ್ನು ನೋಡಿ. ಒಂದನೆಯ ಸರ್ವರಿನ ನಂತರ ಎರಡನೆಯದು, ಆಮೇಲೆ ಮೂರನೆಯದು. ‘ಈಗ ಯಾರ ಸರದಿ’ ಎಂಬುದನ್ನು ಎಲ್ಲ ಕೋರ್‌ಗಳೂ ಒಪ್ಪಬೇಕಾದ್ದರಿಂದ ಅಲ್ಲಿ ಸ್ಪಿನ್ ಬೀಗ ಉಳಿದಿದೆ. ಕಳುಹಿಸಿದವರ ವಿಳಾಸವನ್ನು ಹ್ಯಾಶ್ ಮಾಡಿ ಸರ್ವರ್ ಆರಿಸುವ ಕ್ರಮಕ್ಕೆ ಅದು ಬೇಡ. ಕೋಷ್ಟಕ ನೋಡಿದರೆ ಸಾಕು. ಸಾಲು ಹುಟ್ಟುವುದು ನಾವು ಆರಿಸಿದ ನೀತಿಯಿಂದ, ಬರೆದವರ ಅಜಾಗ್ರತೆಯಿಂದಲ್ಲ. ಪಾಠ ಮಾಡುವಾಗ ಈ ಎರಡನ್ನೂ ಒತ್ತಟ್ಟಿಗೆ ಇಟ್ಟು ತೋರಿಸಬಹುದು.

ಹೊರಗೆ ಹಾಕಿದ ಹೊರೆ ಎಲ್ಲಿ ಹೋಯಿತು?

2011ರ ಲೆಕ್ಕದ ಪುಸ್ತಕಗಳಿಗೆ ಮರಳೋಣ. ಕತೆ ಅಲ್ಲಿಗೆ ಮುಗಿದಿರಲಿಲ್ಲ. ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಎಂಬ ವೇಗದ ಅಂದಾಜಿಗಾಗಿ ಐಪಿವಿಎಸ್ ಎರಡು ಸೆಕೆಂಡಿಗೊಮ್ಮೆ ಎಲ್ಲ ಪುಸ್ತಕಗಳನ್ನೂ ಕೂಡುತ್ತಿತ್ತು. ಸೇವೆಗಳು ಹತ್ತಿಪ್ಪತ್ತು ಇದ್ದಾಗ ಇದು ಲೆಕ್ಕಕ್ಕೇ ಇರಲಿಲ್ಲ. 2018ರಲ್ಲಿ ಕುಬರ್ನೆಟಿಸ್‌ನ 1.11ನೆಯ ಆವೃತ್ತಿ ಐಪಿವಿಎಸ್ ಅನ್ನು ಪೂರ್ಣವಾಗಿ ಅಂಗೀಕರಿಸಿದ ಮೇಲೆ ಒಂದೇ ಗಣಕದಲ್ಲಿ ಸಾವಿರಾರು ಸೇವೆಗಳು ಸಾಮಾನ್ಯವಾದವು. 10,000 ಸೇವೆ, 64 ಕೋರ್ ಎಂದಿಟ್ಟುಕೊಳ್ಳಿ. ಕೂಡಬೇಕಾದ ಪುಸ್ತಕಗಳು 6,40,000. ತಲಾ 50 ನ್ಯಾನೋಸೆಕೆಂಡ್ ಹಿಡಿದರೂ 32 ಮಿಲಿಸೆಕೆಂಡ್. ಅಷ್ಟು ಹೊತ್ತು ಆ ಕೋರ್ ಒಂದು ಪ್ಯಾಕೆಟ್ಟನ್ನೂ ಮುಟ್ಟುವುದಿಲ್ಲ! 2021ರಲ್ಲಿ ಈ ಅಂದಾಜನ್ನೇ ನಿಲ್ಲಿಸಿಬಿಡುವ ಅವಕಾಶ ಕೊಟ್ಟರು. ಅದು ಪರಿಹಾರವಲ್ಲ, ಶರಣಾಗತಿ. 2023ರಲ್ಲಿ ಬಂದ ಕರ್ನಲ್ 6.2ರಲ್ಲಿ ಅನಸ್ತಾಸೊವ್ ಆ ಕೆಲಸವನ್ನು ಪ್ರತ್ಯೇಕ ಕರ್ನಲ್ ಎಳೆಗಳಿಗೆ ವಹಿಸಿ, ಎರಡು ಸೆಕೆಂಡನ್ನು 40 ಮಿಲಿಸೆಕೆಂಡಿನ 50 ತುಂಡು ಮಾಡಿ ಹರಡಿದರು. ಬರೆಯುವವರ ಸಾಲನ್ನು ಕಡಿಮೆ ಮಾಡಿದ್ದರ ವೆಚ್ಚ ಕೂಡುವವನ ಮೇಲೆ ಬಿದ್ದಿತ್ತು. ಅದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಇದಕ್ಕೆ ಪೂರ್ತಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಗೂಗಲ್ 2016ರಲ್ಲಿ ವಿವರಿಸಿದ ಮ್ಯಾಗ್ಲೆವ್ ಎಂಬ ವ್ಯವಸ್ಥೆ ಕರ್ನಲನ್ನು ಬದಿಗಿಟ್ಟು, ಸಂಪರ್ಕ ಕೋಷ್ಟಕವನ್ನೇ ಎಳೆಗೊಂದರಂತೆ ಹಂಚಿಬಿಟ್ಟಿತು. ಒಂದು ಸಂಪರ್ಕದ ಪ್ಯಾಕೆಟ್‌ಗಳು ಒಂದೇ ಎಳೆಗೆ ಬರುವಂತೆ ಮೊದಲೇ ವಿಂಗಡಿಸಿದರೆ ಹಂಚಿಕೊಳ್ಳುವ ಪ್ರಮೇಯವೇ ಇಲ್ಲ. ಪ್ಯಾಕೆಟ್ ಎಲ್ಲಾದರೂ ದಾರಿ ತಪ್ಪಿದರೆ? ಬಹುಪಾಲು ಅದೇ ಸರ್ವರನ್ನು ಮತ್ತೆ ಆರಿಸುವಂತಹ ಹ್ಯಾಶ್ ವಿಧಾನ ಅವರ ಬಳಿ ಇದೆ. ‘ಬಹುಪಾಲು’ ಎಂಬುದನ್ನು ಒಪ್ಪುವವರಿಗೆ ಇದು ಐಪಿವಿಎಸ್‌ಗಿಂತ ಸೊಗಸು.

ಅಧ್ಯಾಪಕರು ಇದನ್ನು ಪ್ರಯೋಗಾಲಯದಲ್ಲೇ ತೋರಿಸಬಹುದು. ನಾಲ್ಕು ಕೋರ್‌ನ ಸಾಧಾರಣ ಗಣಕ ಸಾಕು. ಸಿ ಭಾಷೆಯಲ್ಲಿ ಒಂದು, ಎರಡು, ನಾಲ್ಕು ಎಳೆಗಳು ಓದು-ಬರಹ ಬೀಗವನ್ನು ಓದಲು ಮಾತ್ರ ಹಿಡಿದು, ಒಂದು ಚರವನ್ನು ಓದಿ, ಬಿಡುತ್ತಿರಲಿ. ಬರೆಯುವವರು ಯಾರೂ ಬೇಡ. ಸೆಕೆಂಡಿಗೆ ಒಟ್ಟು ಎಷ್ಟು ಓದು ಆಯಿತೆಂದು ಎಣಿಸಿ ರೇಖಾಚಿತ್ರ ಬರೆಸಿ. ಪಠ್ಯಪುಸ್ತಕ ಹೇಳುವಂತೆ ಗೆರೆ ಮೇಲೇರುತ್ತದೆಯೆ? ಒಂದು ಎಚ್ಚರಿಕೆ: ಪ್ರತಿ ಎಳೆಯ ಎಣಿಕೆಯ ಚರವನ್ನು ಒಂದೇ ಸರಣಿಯಲ್ಲಿ ಒತ್ತೊತ್ತಾಗಿ ಇಡಬೇಡಿ, ನಡುವೆ 64 ಬೈಟ್ ಅಂತರ ಬಿಡಿ. ಇಲ್ಲವಾದರೆ ನೀವು ಅಳೆಯುವುದು ಬೀಗದ ಸಾಲನ್ನಲ್ಲ, ನಿಮ್ಮದೇ ಲೆಕ್ಕದ ಪುಸ್ತಕದ ಸಾಲನ್ನು.