ಹಾಟ್ ರಾಡ್ ನೋಡುವ ಕಣ್ಣು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಿಂಟೇಜ್ ಕಾರುಗಳ ರ‍್ಯಾಲಿ ನೋಡಿ ಬೆಳೆದವರಲ್ಲಿ ಹಳೆಯ ಗಾಡಿಯನ್ನು ಅಳೆಯುವ ಒಂದು ಕ್ರಮ ತಾನಾಗಿ ಬೇರೂರಿರುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಇಂದಿಗೂ ಹಾಗೇ ಇದೆಯೇ, ಹಾರ್ನು ಆ ಕಾಲದ್ದೇ, ಸೀಟಿನ ತೊಗಲು ಮೊದಲಿನದೇ ಎಂದು ಹುಡುಕುವ ಕಣ್ಣು ಅದು. ಅದೇ ಕಣ್ಣಿನಿಂದ ಅಮೆರಿಕದ ಹಾಟ್ ರಾಡ್ ಒಂದನ್ನು, ಅಂದರೆ ವೇಗಕ್ಕಾಗಿ ಕಳಚಿ ಬದಲಿಸಿದ ಹಳೆಯ ಕಾರೊಂದನ್ನು, ನೋಡಿದರೆ ಗಲಿಬಿಲಿಯಾಗುತ್ತದೆ. 1932ರ ಫೋರ್ಡ್ ಎನ್ನುತ್ತಾರೆ. ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಬ್ರೇಕು 1939ರ ಗಾಡಿಯದು, ಮುಂದಿನ ಗಾಜು ಮೂರು ಬೆರಳು ಗಿಡ್ಡ. ಇಲ್ಲಿ ಮೂಲಕ್ಕೆ ನಿಷ್ಠೆ ಎನ್ನುವುದು ಅಳತೆಯೇ ಅಲ್ಲ. ಯಾವುದನ್ನು ತೆಗೆದರು, ಯಾವುದನ್ನು ತಂದು ಸೇರಿಸಿದರು, ಯಾಕೆ ಎಂಬುದರಲ್ಲಿ ಇದರ ರಸವಿದೆ.

ಭಾರತದಲ್ಲಿ ಇಂಥ ಗಾಡಿ ಕಣ್ಣಿಗೆ ಬೀಳುವುದು ಅಪರೂಪ. ವಾಹನದ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯಿದೆ. ಆದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸ್ಯಾನ್ ರಮೋನ್, ಪ್ಲೆಸಂಟನ್ ಸುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಮನೆಯ ಹತ್ತಿರದ ಹಬ್ಬ. ಗ್ಯಾರಿ ಮೆಡರ್ಸ್ 1983ರಲ್ಲಿ ಕಟ್ಟಿದ ಗುಡ್‌ಗೈಸ್ ಸಂಘ ಪ್ಲೆಸಂಟನ್‌ನ ಅಲಮೇಡಾ ಕೌಂಟಿ ಮೇಳದ ಮೈದಾನದಲ್ಲಿ ಬಹುಕಾಲದಿಂದ ಆಗಸ್ಟ್‌ನಲ್ಲಿ ದೊಡ್ಡ ಪ್ರದರ್ಶನ ನಡೆಸುತ್ತ ಬಂದಿದೆ. ಸಾವಿರಾರು ಗಾಡಿಗಳು ಸಾಲುಗಟ್ಟುತ್ತವೆ. ಅಲ್ಲಿಗೆ ಟಿಕೆಟ್ ಕೊಂಡು ಹೋಗುವುದು ಸುಲಭ. ನನ್ನನ್ನು ಕೇಳಿದರೆ, ಆದೀತಾದರೆ ಒಂದು ಹಾಟ್ ರಾಡ್‌ನಲ್ಲೇ ಕೂತು ಅಲ್ಲಿಗೆ ಹೋಗಿ ಎನ್ನುತ್ತೇನೆ. ಈ ಗಾಡಿಯ ಒಂದೊಂದು ಗೆರೆಯೂ ಓಟಕ್ಕಾಗಿ ಮೂಡಿದ್ದು. ನಿಂತಾಗ ಒಗಟಾಗಿ ಕಾಣುವ ಎಷ್ಟೋ ಸಂಗತಿಗಳು ಓಡುವಾಗ ತಾವೇ ಬಿಡಿಸಿಕೊಳ್ಳುತ್ತವೆ.

ಹೊರಡುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು. ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳಿವೆ. ನೀರು ಬತ್ತಿದ ಜೇಡಿಯ ನೆಲ, ಮೈಲಿಗಟ್ಟಲೆ ಸಪಾಟು. 1920, 30ರ ದಶಕಗಳಲ್ಲಿ ಕಾಸಿಲ್ಲದ ಹುಡುಗರು ಸೆಕೆಂಡ್ ಹ್ಯಾಂಡ್ ಫೋರ್ಡ್‌ಗಳನ್ನು ಅಲ್ಲಿಗೆ ಒಯ್ದು ವೇಗ ಪರೀಕ್ಷಿಸುತ್ತಿದ್ದರು. ಭಾರ ಇಳಿಯಬೇಕು, ಗಾಳಿಯ ತಡೆ ತಗ್ಗಬೇಕು. ಹಾಗಾಗಿ ಮಡ್‌ಗಾರ್ಡ್, ಹೆಡ್‌ಲೈಟ್, ಮುಂದಿನ ಗಾಜು ಎಲ್ಲವನ್ನೂ ಕಳಚಿ ಬದಿಗಿಟ್ಟು ಓಡಿಸುವರು. ಅವೇ ಗಾಡಿಗಳಲ್ಲಿ ಸೋಮವಾರ ಕೆಲಸಕ್ಕೂ ಹೋಗಬೇಕಿತ್ತು. 1937ರಲ್ಲಿ ಈ ಹುಡುಗರ ಕ್ಲಬ್ಬುಗಳು ಸೇರಿ ವೇಗ ಅಳೆಯುವ ಒಂದು ಟೈಮಿಂಗ್ ಸಂಘ ಮಾಡಿಕೊಂಡವು. ಮಹಾಯುದ್ಧ ಮುಗಿದಾಗ ವಿಮಾನ, ಟ್ಯಾಂಕುಗಳ ಮೇಲೆ ಕೈ ಪಳಗಿಸಿಕೊಂಡ ಯುವಕರು ಊರಿಗೆ ಮರಳಿದರು, ಸಂಭ್ರಮ ಹೆಚ್ಚಿತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ತಂದರು. ಮರುವರ್ಷ ಯೂಟಾದ ಬಾನವಿಲ್ ಉಪ್ಪುಬಯಲಿನಲ್ಲಿ ವೇಗದ ವಾರ ಶುರುವಾಯಿತು.

ಆ ಹುಡುಗರ ಕೈಗೆ ಸಿಕ್ಕ ಗಾಡಿಗಳಲ್ಲಿ ಒಂದು ಎಲ್ಲಕ್ಕಿಂತ ಮೇಲೇರಿತು: 1932ರ ಫೋರ್ಡ್. ಅಗ್ಗದ ಕಾರಿಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಕೂರಿಸಿದ್ದು ಹೆನ್ರಿ ಫೋರ್ಡ್ ಅವರ ಆ ವರ್ಷದ ಸಾಹಸ. ಆರಂಭದಲ್ಲಿ ಅದರ ಶಕ್ತಿ 65 ಕುದುರೆ. ಅದಕ್ಕೂ ಮಿಗಿಲಾದ ಮಾತೊಂದಿದೆ. ಅದರ ಚಾಸಿಯ ಪಕ್ಕದ ಉಕ್ಕಿನ ಪಟ್ಟಿಗಳು ಮುಚ್ಚಿಡಬೇಕಾದ ಹಂದರವಲ್ಲ; ಮೇಲಿನ ಬಾಡಿಯ ಬಾಗನ್ನೇ ಅನುಸರಿಸಿ ಒತ್ತಿದ ಒಂದು ಗೆರೆ ಅವುಗಳ ಮೇಲೂ ಹರಿಯುತ್ತದೆ. ಮಡ್‌ಗಾರ್ಡ್ ಬಿಚ್ಚಿದರೂ ಗಾಡಿ ಬೋಳೆನಿಸುವುದಿಲ್ಲ. ಇಂಥ ಚಾಸಿ ಆ ಒಂದೇ ವರ್ಷ ತಯಾರಾಯಿತು. ಫೋರ್ಡ್ ಕಂಪನಿಯದೇ ಹಳೆಯ ಮಾಡೆಲ್ ಎ ಬಾಡಿಯನ್ನು ಎತ್ತಿ '32ರ ಚಾಸಿಯ ಮೇಲೆ ಕೂರಿಸಿದ ಜೋಡಿಗಳು ಇಂದಿಗೂ ಪ್ರದರ್ಶನಗಳಲ್ಲಿ ಹೇರಳ. ಮಡ್‌ಗಾರ್ಡ್ ಇಲ್ಲದೆ, ಬಾಡಿ ಚಾಸಿಯ ಮೇಲೆಯೇ ಕೂತಿರುವ ಗಾಡಿಗೆ ಹೈಬಾಯ್ ಎನ್ನುತ್ತಾರೆ. ಬಾಡಿಯ ನೆಲವನ್ನು ಕತ್ತರಿಸಿ ಚಾಸಿಯ ಸುತ್ತ ಕೆಳಗಿಳಿಸಿದ್ದರೆ ಅದು ಚಾನೆಲ್ ಮಾಡಿದ ಗಾಡಿ.

ಈಗ ನೋಡುವ ಕೆಲಸ. ಹತ್ತಿರ ಹೋಗಬೇಡಿ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಗಾಡಿಯ ಪಕ್ಕಕ್ಕೆ ನೇರವಾಗಿ, ಸಾಧ್ಯವಾದರೆ ಕುಕ್ಕರುಗಾಲಲ್ಲಿ ಕೂತು ನೋಡಿ. ಮೊದಲು ಕಾಣಬೇಕಾದದ್ದು ನಿಲುವು. ಮೂತಿ ತುಸು ತಗ್ಗಿ ಹಿಂಭಾಗ ತುಸು ಎದ್ದಿರುತ್ತದೆ. ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. ಇದು ಬರಿಯ ಸೊಗಸಿಗಲ್ಲ. ಹಿಂದಿನ ಟೈರು ಎತ್ತರವಾದಷ್ಟೂ ಎಂಜಿನ್ನಿನ ಅದೇ ಸುತ್ತಿಗೆ ಗಾಡಿ ಹೆಚ್ಚು ದೂರ ಸಾಗುತ್ತದೆ. ಒಣಕೆರೆಯ ಮೇಲೆ ಅದರಿಂದ ತುದಿವೇಗ ಏರುತ್ತಿತ್ತು. ಮುಂದಿನ ಆಕ್ಸೆಲ್ಲನ್ನು ಕಾಯಿಸಿ ಬಾಗಿಸಿ ಮೂತಿ ಇಳಿಸಿದ್ದೂ ಗಾಳಿಯ ಲೆಕ್ಕಕ್ಕೇ. ಒಳ್ಳೆಯ ಗಾಡಿಯಲ್ಲಿ ಈ ಇಳಿಜಾರು ರೇಡಿಯೇಟರಿನಿಂದ ಡಿಕ್ಕಿಯವರೆಗೆ ಎಲ್ಲೂ ಮುರಿಯದೆ ಒಂದೇ ಎಳೆಯಾಗಿ ಹೋಗುತ್ತದೆ. ನಿಲುವು ಕೆಟ್ಟಿದ್ದರೆ ಲಕ್ಷ ಡಾಲರಿನ ಬಣ್ಣವೂ ಅದನ್ನು ಉಳಿಸುವುದಿಲ್ಲ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ಆಮೇಲೆ ನೋಡಬೇಕಾದದ್ದು ಚಾವಣಿ, ಅಂದರೆ ಮಾಡು. ಮುಚ್ಚಿದ ಕೂಪೆಗಳ ಕಂಬಗಳನ್ನು ಕತ್ತರಿಸಿ, ಒಂದೆರಡು ಇಂಚು ತೆಗೆದು, ಮತ್ತೆ ಬೆಸುಗೆ ಹಾಕಿ ಮಾಡನ್ನು ತಗ್ಗಿಸುವುದಕ್ಕೆ ಚಾಪ್ ಎಂದು ಹೆಸರು. ಮಾಡೆಲ್ ಎ ಕೂಪೆಯ ಕಂಬಗಳು ಹೆಚ್ಚು ಕಡಿಮೆ ನೆಟ್ಟಗಿವೆ, ಮಾಡು ನೇರ ಕೆಳಗಿಳಿಯುತ್ತದೆ. 1933, 34ರ ಗಾಡಿಗಳ ಕಂಬಗಳು ಓರೆ. ಕತ್ತರಿಸಿದ ಮೇಲೆ ಮೇಲಿನ ತುಂಡು ಕೆಳಗಿನದಕ್ಕೆ ಕೂಡುವುದೇ ಇಲ್ಲ. ಕಂಬವನ್ನು ಇನ್ನಷ್ಟು ವಾಲಿಸಬೇಕು, ಇಲ್ಲವೇ ಮಾಡನ್ನು ಉದ್ದ ಮಾಡಬೇಕು. ಟಿಂಕರಿಂಗ್ ಕೆಲಸದವರ ಪರೀಕ್ಷೆ ಇಲ್ಲಿದೆ. ಕಡಿಮೆ ತೆಗೆದರೆ ಏನೂ ಆದಂತಿಲ್ಲ, ಹೆಚ್ಚು ತೆಗೆದರೆ ಅಳತೆ ತಪ್ಪಿದ ಟೋಪಿಯಂತೆ ಮಾಡು ಗಾಡಿಯ ತಲೆಯ ಮೇಲೆ ಕೂರುತ್ತದೆ. ಬಾಗಿಲಿನ ಗಾಜಿನ ಎತ್ತರಕ್ಕೂ ಅದರ ಕೆಳಗಿನ ತಗಡಿನ ಎತ್ತರಕ್ಕೂ ಇರುವ ಸಂಬಂಧವನ್ನು ಗಮನಿಸಿ. ಚಾಪ್ ಸರಿಯಾಗಿದೆಯೇ ಎಂದು ಅದು ತೋರಿಸುತ್ತದೆ. ಎಲ್ಲಿ ಕತ್ತರಿಸಿದರು ಎಂಬುದೇ ಗೊತ್ತಾಗದಿದ್ದರೆ ಕೈಮುಗಿಯಬೇಕಾದ ಕೆಲಸ. 1973ರ 'ಅಮೆರಿಕನ್ ಗ್ರಾಫಿಟಿ' ಚಿತ್ರದ ಹಳದಿ ಕೂಪೆಯನ್ನು ನೋಡಿದವರಿಗೆ ಚಾಪ್ ಮಾಡಿದ '32 ಹೇಗಿರುತ್ತದೆಂದು ನೆನಪಿರುತ್ತದೆ.

ಬಣ್ಣ, ಬೆಂಕಿಯ ನಾಲಗೆಯ ಚಿತ್ತಾರ, ಕೂದಲೆಳೆಯ ಗೆರೆಗಳು ಎಲ್ಲರ ಕಣ್ಣನ್ನೂ ತಾವೇ ಸೆಳೆಯುತ್ತವೆ. ಅವಕ್ಕೆ ಕೈಪಿಡಿ ಬೇಡ. ಬಾನೆಟ್ಟಿನ ಮೇಲೆ ಒತ್ತಿದ ಸೀಳುಕಿಂಡಿಗಳ ಸಾಲನ್ನು ಮಾತ್ರ ಬಿಡಬೇಡಿ. ಬಿಸಿಗಾಳಿ ಹೊರಹೋಗಲೆಂದು ಅವನ್ನು ಒಂದೊಂದಾಗಿ ಒತ್ತಿರುತ್ತಾರೆ. ಕೊನೆಯದು ಅರ್ಧ ನೂಲು ತಪ್ಪಿದರೂ ಇಡೀ ಸಾಲು ಸೊಟ್ಟ ಕಾಣುತ್ತದೆ.

ಎಂಜಿನ್ನಿಗೆ ಕಿವಿಯೇ ಕಣ್ಣು. ಫೋರ್ಡ್‌ನ ಹಳೆಯ ವಿ-8ಕ್ಕೆ ಫ್ಲ್ಯಾಟ್‌ಹೆಡ್ ಎನ್ನುತ್ತಾರೆ. ವಾಲ್ವುಗಳು ಮೇಲಿನ ಹೆಡ್ಡಿನಲ್ಲಿಲ್ಲ, ಸಿಲಿಂಡರುಗಳ ಪಕ್ಕದಲ್ಲಿ ಬ್ಲಾಕಿನೊಳಗೇ ಇವೆ. ಸುಟ್ಟ ಹೊಗೆ ಆ ಬ್ಲಾಕನ್ನು ಹಾಯ್ದೇ ಹೊರಬರಬೇಕು. ಪ್ರತಿ ಬದಿಗೆ ಸಿಲಿಂಡರು ನಾಲ್ಕು, ಹೊಗೆಯ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರುಗಳದು ಒಂದೇ ಬಾಯಿ. ಇದರ ಧ್ವನಿ ಇತರ ವಿ-8ಗಳಿಗಿಂತ ಬೇರೆಯಾಗಿ, ಮೆತ್ತಗೆ ಗುರುಗುಟ್ಟುವಂತೆ ಕೇಳಲು ಇದೊಂದು ಕಾರಣ. ಹೊಗೆ ಬ್ಲಾಕನ್ನು ಹಾಯುವುದರಿಂದಲೇ ಎಂಜಿನ್ ಬೇಗ ಕಾಯುತ್ತದೆ. ವಿಕ್ ಎಡೆಲ್‌ಬ್ರಾಕ್ ಅವರ ಮ್ಯಾನಿಫೋಲ್ಡ್, ಎಡ್ ಇಸ್ಕೆಂಡೇರಿಯನ್ ಅವರ ಕ್ಯಾಮ್‌ಶಾಫ್ಟ್, ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರುಗಳು ಸಾಲಾಗಿ ಎರಡೋ ಮೂರೋ ಕಂಡರೆ, ಆ ಗಾಡಿ 1940ರ ದಶಕದ ಲಾಸ್ ಏಂಜಲೀಸ್‌ನ ಗ್ಯಾರೇಜುಗಳ ಪರಂಪರೆಯನ್ನು ಪಾಲಿಸುತ್ತಿದೆ ಎಂದರ್ಥ. 1955ರಲ್ಲಿ ಷೆವ್ರೊಲೆ ಹಗುರವಾದ ಸಣ್ಣ ವಿ-8 ತಂದ ಮೇಲೆ ಬಹಳ ಮಂದಿ ಅದನ್ನೇ ಹಾಕಿಕೊಂಡರು. ಅದು ಗಟ್ಟಿಮುಟ್ಟು, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತವೆ. ದೂರ ಪ್ರಯಾಣಕ್ಕೆ ಅದೇ ಮೇಲು ಎನ್ನುವವರೊಂದಿಗೆ ನಾನು ವಾದಿಸುವುದಿಲ್ಲ. ಆದರೂ ನನ್ನ ಮನಸ್ಸು ಫ್ಲ್ಯಾಟ್‌ಹೆಡ್ ಕಡೆಗೇ.

ಇನ್ನು ರಸ್ತೆ. ಈ ಗಾಡಿಗಳ ತವರಿನಿಂದಲೇ ಹೊರಡೋಣ. ಲಾಸ್ ಏಂಜಲೀಸ್‌ನಿಂದ ಪ್ಲೆಸಂಟನ್‌ಗೆ ಒಳನಾಡಿನ ನೇರ ಹೆದ್ದಾರಿ ಬಿಟ್ಟು 101ನೇ ಹೆದ್ದಾರಿ ಹಿಡಿಯಿರಿ. 600 ಕಿಲೋಮೀಟರಿಗೂ ಹೆಚ್ಚು ಹಾದಿ, ನಡುವೆ ಒಂದು ರಾತ್ರಿ ತಂಗುವುದು ಲೇಸು. ಪಕ್ಕದ ಸೀಟು ಸಿಕ್ಕಿದರೆ ಕಿವಿಗೆ ಹತ್ತಿ, ಗಾಳಿ ತಡೆಯುವ ಜಾಕೆಟ್ಟು, ಗಲ್ಲಕ್ಕೆ ಕಟ್ಟುವ ಟೋಪಿ ಇರಲಿ. ಬಟ್ಟೆಯ ಗಂಟು ಚಿಕ್ಕದಿರಲಿ. ಡಿಕ್ಕಿಯ ಜಾಗ ಸ್ಪ್ಯಾನರು, ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ನೀರಿನ ಕ್ಯಾನುಗಳಿಗೆ ಮೀಸಲು. ಹೊರಡುವ ಹಿಂದಿನ ಸಂಜೆ ಮಾಲೀಕರು ಗಾಡಿಯ ಕೆಳಗೆ ಮಲಗಿ ಒಂದೊಂದು ನಟ್ಟನ್ನೂ ಬಿಗಿ ನೋಡುತ್ತಾರೆ. ಆಗ ಟಾರ್ಚು ಹಿಡಿದುಕೊಂಡು ಜೊತೆಗಿರಿ. ಗಾಡಿಯ ಅರ್ಧ ಪಾಠ ಅಲ್ಲೇ ಆಗುತ್ತದೆ.

ವೆಂಟುರಾ ದಾಟಿ ಸಮುದ್ರದ ಅಂಚಿಗೆ ಬಂದಾಗ ಮೊದಲ ಸತ್ಯ ಗೊತ್ತಾಗುತ್ತದೆ: ಮಡ್‌ಗಾರ್ಡ್ ಇಲ್ಲದ್ದರಿಂದ ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಕೂತಲ್ಲಿಂದಲೇ ಕಾಣುತ್ತದೆ. ಎರಡು ಮುಂಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸೆಲ್, ಅದರ ಮೇಲೆ ಅಡ್ಡಲಾಗಿ ಒಂದೇ ಪಟ್ಟಿ ಸ್ಪ್ರಿಂಗ್. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ಅಲುಗುತ್ತದೆ. ಹಳೆಯ ಮಾದರಿಯ ಟೈರುಗಳು ಕಾಂಕ್ರೀಟಿನ ಗೆರೆಗಳನ್ನು ಹಿಡಿದು ಅತ್ತ ಇತ್ತ ಎಳೆಯುತ್ತವೆ. ಸ್ಟೇರಿಂಗ್ ಹಿಡಿದ ಕೈಗಳು ಎಡಬಿಡದೆ ಚೂರುಚೂರೇ ತಿದ್ದುತ್ತಿರುವುದನ್ನು ನೋಡಿ. ಗಂಟೆಗೆ 90 ಕಿಲೋಮೀಟರ್ ವೇಗ ಎಂದರೆ ಏನೆಂಬುದು ಈಗಿನ ಕಾರಿನಲ್ಲಿ ಕೂತವರಿಗೆ ಎಂದೂ ಗೊತ್ತಾಗದು.

ಗವಿಯೋಟಾ ಕಣಿವೆಯ ಸುರಂಗ ಹಾಯ್ದು ಒಳನಾಡಿಗೆ ತಿರುಗಿದ ಮೇಲೆ ಸೆಖೆ ಶುರು. ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನ ಆಚೆ ಕ್ವೆಸ್ಟಾ ಘಾಟಿ ಏರುವಾಗ ಎಲ್ಲರ ಕಣ್ಣೂ ನೀರಿನ ಬಿಸಿ ತೋರಿಸುವ ಮೀಟರಿನ ಮೇಲೆ. ಮುಳ್ಳು ಮೇಲೇರಿದಾಗ ಹೊಸಬರಿಗೆ ವೇಗ ತಗ್ಗಿಸಬೇಕೆನಿಸುತ್ತದೆ. ಅನುಭವಿಗಳು ಗೇರು ಇಳಿಸಿ ಎಂಜಿನ್ನಿನ ಸುತ್ತು ಏರಿಸುತ್ತಾರೆ. ಆಗ ನೀರಿನ ಪಂಪೂ ಫ್ಯಾನೂ ಜೋರಾಗಿ ತಿರುಗಿ ಎಂಜಿನ್ ತಣಿಯುತ್ತದೆ. ರೇಡಿಯೇಟರಿನ ಗಾತ್ರ, ಬಾನೆಟ್ಟಿನ ಪಕ್ಕದ ತಗಡು ತೆಗೆದದ್ದು, ಆ ಸೀಳುಕಿಂಡಿಗಳು, ಎಲ್ಲದರ ಬೆಲೆ ಈ ಏರಿನಲ್ಲಿ ತಿಳಿಯುತ್ತದೆ. ತುದಿ ಮುಟ್ಟಿ ನಿಲ್ಲಿಸಿದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ಮತ್ತೆ ಹೊರಡದೆ ಹಟ ಮಾಡುವುದುಂಟು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಕಾಯಬೇಕು. ನಾನು ಕೂತಿದ್ದ ಗಾಡಿಗೂ ಹೀಗಾದಾಗ ಹಿಂದೆ ಬರುತ್ತಿದ್ದ ಹಾಟ್ ರಾಡ್‌ಗಳು ಒಂದೊಂದಾಗಿ ನಿಂತವು. ಹೆಸರು ಕೇಳುವ ಮೊದಲೇ ನೀರಿನ ಕ್ಯಾನು ಮುಂದೆ ಬಂದಿತ್ತು.

ಪಾಸೊ ರೋಬ್ಲೆಸ್‌ನಲ್ಲಿ ಆಗಸ್ಟ್ ಮಧ್ಯಾಹ್ನದ ಬಿಸಿಲು 38 ಡಿಗ್ರಿ ಮುಟ್ಟುವುದು ಸಾಮಾನ್ಯ. ಅಲ್ಲಿಂದ ಮುಂದಿನ ಸಲಿನಾಸ್ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಎದುರುಗಾಳಿ ಬೀಸುತ್ತದೆ. ಗಿಡ್ಡಗೊಳಿಸಿದ ಗಾಜಿನ ಹಿಂದೆ ಒಂದಿಷ್ಟು ಕೆಳಗೆ ಸರಿದು ಕೂತರೆ ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ. ಗಾಜಿನ ಎತ್ತರವನ್ನೂ ಸೀಟಿನ ಎತ್ತರವನ್ನೂ ಒಟ್ಟಿಗೆ ಯೋಚಿಸಿ ಕಟ್ಟಿದ ಗಾಡಿಗೂ ಫೋಟೊಗಾಗಿ ಕಟ್ಟಿದ ಗಾಡಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗಲ್ಲ, ಕತ್ತಿಗೆ ಗೊತ್ತಾಗುತ್ತದೆ. ಉಳುಮೆಯ ಮಣ್ಣಿನ ವಾಸನೆ, ಗಿಲ್ರಾಯ್ ಹತ್ತಿರ ಬೆಳ್ಳುಳ್ಳಿಯ ಘಾಟು, ಎಲ್ಲ ನೇರ ಮುಖಕ್ಕೆ.

ಸಲಿನಾಸ್‌ನ ಪಶ್ಚಿಮಕ್ಕೆ ಮಾಂಟೆರೆ ದಾಟಿದರೆ ಪೆಬಲ್ ಬೀಚ್. ಅಲ್ಲಿ ನಡೆಯುವ ಸಿರಿವಂತರ ಪುರಾತನ ಕಾರುಗಳ ಸ್ಪರ್ಧೆ 1997ರಲ್ಲಿ ಮೊದಲ ಬಾರಿಗೆ ಹಾಟ್ ರಾಡ್‌ಗಳಿಗೆ ಒಂದು ವಿಭಾಗ ತೆರೆಯಿತು. ಗೆದ್ದದ್ದು ಡೋನ್ ಸ್ಪೆನ್ಸರ್ 1940ರ ದಶಕದಲ್ಲಿ ರೂಪಿಸಿದ, ತೆರೆದ ಬಾಡಿಯ ಕಪ್ಪು '32 ರೋಡ್‌ಸ್ಟರ್. ದೂರದ ರಸ್ತೆಗಳಲ್ಲಿ ಓಡಿಸಲೆಂದು ಕಟ್ಟಿದ ಗಾಡಿ ಅದು. ಅದರ ಮುಂದಿನ ಓರೆಗಾಜಿನ ಚಿತ್ರವನ್ನು ಒಮ್ಮೆ ಹುಡುಕಿ ನೋಡಿಕೊಂಡು ಹೊರಡಿ. ಆಮೇಲೆ ಅದರ ಛಾಯೆ ಮೈದಾನದ ಹತ್ತಾರು ಗಾಡಿಗಳಲ್ಲಿ ಕಾಣುತ್ತದೆ.

ಪ್ಲೆಸಂಟನ್ ಮೈದಾನಕ್ಕೆ ಬೆಳಗ್ಗೆ ಬೇಗ ಹೋಗಿ, ಗೇಟಿನ ಬಳಿ ನಿಲ್ಲಿ. ಗಾಡಿಗಳು ಒಳಬರುವ ಆ ಎರಡು ಗಂಟೆ ಇಡೀ ದಿನಕ್ಕಿಂತ ಮಿಗಿಲು. ನಿಲುವು, ಧ್ವನಿ, ಸ್ಪ್ರಿಂಗಿನ ನಡೆ ಮೂರೂ ಒಟ್ಟಿಗೆ ಸಿಗುತ್ತವೆ. ಟ್ರೇಲರಿನ ಮೇಲೆ ಬಂದ ಗಾಡಿಗಳ ಕೆಳಭಾಗವೂ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಆ ಕುಶಲತೆಗೆ ನನ್ನ ಗೌರವವಿದೆ. ಆದರೆ ರೇಡಿಯೇಟರಿಗೆ ಮೆತ್ತಿದ ಹುಳುಗಳು, ಬಾಡಿಯ ಹಿಂಭಾಗಕ್ಕೆ ಜಲ್ಲಿ ಬಡಿದ ಚುಕ್ಕೆಗಳು ಇರುವ ಗಾಡಿಯ ಎದುರು ಹೆಚ್ಚು ಹೊತ್ತು ನಿಲ್ಲಿ ಎಂದು ಹೇಳುತ್ತೇನೆ. ಅಲ್ಲಿ ಕತ್ತರಿಸಿದ್ದು, ಬೆಸೆದದ್ದು, ಇಳಿಸಿದ್ದು ಎಲ್ಲವೂ ರಸ್ತೆಯ ಪರೀಕ್ಷೆ ಮುಗಿಸಿ ಬಂದಿದೆ.

ಮುಟ್ಟಬೇಡಿ, ಬೆಲ್ಟಿನ ಬಕಲು, ಹೆಗಲ ಚೀಲ ಬಣ್ಣಕ್ಕೆ ತಾಗದಂತೆ ಎಚ್ಚರ ವಹಿಸಿ, ಮಕ್ಕಳ ಕೈ ಹಿಡಿದುಕೊಳ್ಳಿ. ಮಾಲೀಕರು ಗಾಡಿಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಹೆಚ್ಚಿನವರು ಹಿರಿಯರು. ಬೆಲೆ ಎಷ್ಟು ಎಂದು ಮಾತು ಶುರುಮಾಡಬೇಡಿ. ಎಲ್ಲಿಂದ ಓಡಿಸಿಕೊಂಡು ಬಂದಿರಿ, ಬಾಡಿ ಎಲ್ಲಿ ಸಿಕ್ಕಿತು, ಚಾಪ್ ಮಾಡಿದವರು ಯಾರು ಎಂದು ಕೇಳಿ. ಉತ್ತರ ಒಂದು ಕಣಜದ ಮನೆಯಿಂದಲೋ ತೀರಿಕೊಂಡ ಅಣ್ಣನಿಂದಲೋ ಶುರುವಾಗಿ ಅರ್ಧ ಗಂಟೆ ನಡೆಯಬಹುದು. ಕೇಳಲು ಬಿಡುವಿಟ್ಟುಕೊಂಡು ಹೋಗಿ. ಕೊನೆಗೆ, ಒಮ್ಮೆ ಸ್ಟಾರ್ಟ್ ಮಾಡುತ್ತೀರಾ ಎಂದು ಕೇಳಬಹುದು. ಒಪ್ಪಿದರೆ ಸೈಲೆನ್ಸರಿನ ಹಿಂದೆ ನಿಲ್ಲದೆ ಬಾನೆಟ್ಟಿನ ಪಕ್ಕಕ್ಕೆ ಬಂದು ನಿಂತು ಕೇಳಿ.