ಕನೆಕ್ಟರಿನ ಮೈಯಲ್ಲ, ಮುಖ ನೋಡಿ

ಆಪ್ಟಿಕಲ್ ಫೈಬರ್ ಕನೆಕ್ಟರುಗಳಲ್ಲಿ ಎಸ್‌ಸಿ ಮೇಲೋ ಎಲ್‌ಸಿ ಮೇಲೋ ಎಂಬ ವ್ಯಾಜ್ಯ ಈ ವಾರದ್ದು. ಅದರ ತೀರ್ಪಿಗೆ ಎರಡು ಸಾಲು ಸಾಕು. ಫೆರೂಲ್‌ನ ದಪ್ಪ 2.5 ಮಿಲಿಮೀಟರ್ ಇರಲಿ, 1.25 ಇರಲಿ, ಒಳಗಿನ ಸಿಂಗಲ್‌ಮೋಡ್ ಎಳೆಯ ತಿರುಳು ಅದೇ 9 ಮೈಕ್ರಾನ್ ಆಸುಪಾಸಿನದು. ಚೆನ್ನಾಗಿ ಕೂತರೆ ಎರಡರಲ್ಲೂ ನಷ್ಟ 0.2–0.3 ಡಿಬಿ. ಎಲ್‌ಸಿ ಗೆದ್ದದ್ದು ಜಾಗ ಉಳಿಸಿ, ಬೆಳಕು ಉಳಿಸಿ ಅಲ್ಲ.

ಜಗಳ ಆಡಲೇಬೇಕಾದದ್ದು ತುದಿಯ ಮುಖದ ಬಗ್ಗೆ. ನೀಲಿ ಯುಪಿಸಿ ಮುಖದಿಂದ ಹಿಂದಕ್ಕೆ ಚಿಮ್ಮುವ ಬೆಳಕು ಸುಮಾರು ಲಕ್ಷಕ್ಕೆ ಒಂದು ಪಾಲು, ಅಂದರೆ 50 ಡಿಬಿ. ಹಸಿರು ಎಪಿಸಿಯ ಮುಖ 8 ಡಿಗ್ರಿ ಓರೆ. ಪ್ರತಿಫಲಿಸಿದ ಬೆಳಕು ತಿರುಳಿಗೆ ಮರಳದೆ ಹೊರಕವಚಕ್ಕೆ ಸೋರಿಹೋಗುತ್ತದೆ, ಉಳಿಯುವುದು ಹತ್ತು ಲಕ್ಷಕ್ಕೆ ಒಂದು ಪಾಲು. ಡೇಟಾ ಸೆಂಟರಿನ ನೀಲಿ ಪಂಥದವರು ‘ಗಿಡ್ಡ ದಾರಿಯ ಡಿಜಿಟಲ್ ಸಂಕೇತಕ್ಕೆ ಅಷ್ಟೆಲ್ಲ ಯಾಕೆ’ ಎಂದು ವಾದಿಸುತ್ತ ಬಂದರು. ಸಂಕೇತಕ್ಕೆ ಇದ್ದದ್ದು ಎರಡೇ ಮಟ್ಟವಾಗಿದ್ದಾಗ ಆ ವಾದ ಸರಿಯೇ. ಆದರೆ ನಾಲ್ಕು ಮಟ್ಟದ ಪ್ಯಾಮ್‌-4 ಬಂದಾಗ ಮಟ್ಟಗಳ ನಡುವಿನ ಅಂತರ ಕಿರಿದಾಯಿತು, ಪ್ರತಿಫಲನ ಕಾಟ ಕೊಡತೊಡಗಿತು. 400 ಗಿಗಾಬಿಟ್‌ನ ಡಿಆರ್‌4 ಮಾಡ್ಯೂಲುಗಳು ಇವತ್ತು ಓರೆ ಮುಖದ ಎಂಪಿಒವನ್ನೇ ಕೇಳುತ್ತವೆ. ಮನೆಮನೆಗೆ ಎಳೆ ತರುವ ಜಾಲದವರಲ್ಲಿ ಹಲವರು ಮೊದಲಿನಿಂದಲೂ ಹಸಿರನ್ನೇ ನೆಚ್ಚಿದ್ದರು.

ಇನ್ನು 0.3 ಡಿಬಿ ಏನು ಮಹಾ ಎಂಬ ಆಕ್ಷೇಪ. ಅದು ಸುಮಾರು ಶೇಕಡ 7ರಷ್ಟು ಬೆಳಕು. 1550 ನ್ಯಾನೋಮೀಟರಿನಲ್ಲಿ ಕಿಲೋಮೀಟರಿಗೆ 0.2 ಡಿಬಿ ಕಳೆದುಕೊಳ್ಳುವ ಎಳೆಯ ಲೆಕ್ಕದಲ್ಲಿ ಒಂದೂವರೆ ಕಿಲೋಮೀಟರ್ ದಾರಿ. ಕೊಳೆಯಾದ ಮುಖದಲ್ಲಿ ಇದು ಎಷ್ಟಕ್ಕೂ ಏರಬಹುದು. ಈ ಮಾತಿಗೆ ನನ್ನ ಪಾಲಿನ ಶಾಸ್ತ್ರಗ್ರಂಥ 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ ಬರೆದ ಪ್ರಬಂಧ. ಗಾಜಿನಲ್ಲಿ ಬೆಳಕು ಸಾಯುವುದು ಮುಖ್ಯವಾಗಿ ಗಾಜಿನ ಗುಣದಿಂದಲ್ಲ, ಅದರಲ್ಲಿ ಬೆರೆತ ಕಲ್ಮಶದಿಂದ ಎಂಬುದು ಅವರ ವಾದ. ಕಿಲೋಮೀಟರಿಗೆ 20 ಡಿಬಿ ಸಾಧ್ಯವಾದರೆ ದೂರಸಂಪರ್ಕಕ್ಕೆ ಸಾಕು ಎಂದರು. ನಾಲ್ಕೇ ವರ್ಷದಲ್ಲಿ ಕಾರ್ನಿಂಗ್ ಸಂಸ್ಥೆ ಆ ಗಡಿ ದಾಟಿತು. ಎಳೆಯೊಳಗಿನ ಕೊಳೆಯನ್ನು ಕಾರ್ಖಾನೆಗಳು ತೊಡೆದುಹಾಕಿದವು. ತುದಿಯ ಕೊಳೆ ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಇದೆ, ಅಡಾಪ್ಟರಿಗೆ ತೂರಿಸಿದರೆ ಎದುರಿನ ಮುಖಕ್ಕೂ ಅಂಟುತ್ತದೆ.

ಆದ್ದರಿಂದ ಓದುಗ ತಂತ್ರಜ್ಞರಲ್ಲಿ ಕೇಳಿಕೊಳ್ಳುವುದಿಷ್ಟು: ಮುಚ್ಚಳ ಈಗಷ್ಟೇ ತೆಗೆದ ಹೊಸ ತುದಿಯಾದರೂ ಸ್ಕೋಪ್‌ನಲ್ಲಿ ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಜೋಡಿಸಿ. ಹಸಿರನ್ನು ನೀಲಿಗೆ ಎಂದೂ ಸಿಕ್ಕಿಸಬೇಡಿ.