ಪ್ರತಿಯೂ ಪ್ರತ್ಯರ್ಪಣೆಯೂ

ಹಿಂದಿನ ವಸಾಹತುಗಳಿಂದ ಕೊಂಡೊಯ್ದ ಮೂಲ ದಾಖಲೆಗಳನ್ನು ಹಿಂದಿರುಗಿಸುವ ಪ್ರಶ್ನೆ ಎದ್ದಾಗಲೆಲ್ಲ ಕೇಳಿಬರುವ ವಾದವೊಂದಿದೆ: ಡಿಜಿಟಲ್ ಪ್ರತಿಗಳನ್ನು ಕೊಟ್ಟರೆ ಸಾಕು, ಮೂಲಗಳು ಸುರಕ್ಷಿತವಾಗಿರುವಲ್ಲೇ ಇರಲಿ. ಸಂಶೋಧಕರಿಗೆ ಇದು ಅನುಕೂಲಕರವಾದೀತು. ನೀತಿಶಾಸ್ತ್ರದ ದೃಷ್ಟಿಯಿಂದ ನಾವಿದನ್ನು ಒಪ್ಪಲಾರೆವು.

ಕೆನ್ಯಾವನ್ನು ನೋಡೋಣ. 1963ರ ಸ್ವಾತಂತ್ರ್ಯಕ್ಕೆ ಮುನ್ನ ಬ್ರಿಟಿಷ್ ಅಧಿಕಾರಿಗಳು ತಮ್ಮ ಸರ್ಕಾರಕ್ಕೆ ಮುಜುಗರ ತರಬಹುದಾದ ಕಡತಗಳಲ್ಲಿ ಕೆಲವನ್ನು ಸುಟ್ಟರು, ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ಕೆನ್ಯಾ ಕೇಳಿತು; ದೊರೆಯಲಿಲ್ಲ. ಮೌ ಮೌ ದಂಗೆಯ ಕಾಲದ ಬಂಧನ ಶಿಬಿರಗಳಲ್ಲಿ ಚಿತ್ರಹಿಂಸೆ ಅನುಭವಿಸಿದ ವೃದ್ಧರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ, 2011ರಲ್ಲಿ, ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿ 37 ವಸಾಹತುಗಳ ಸುಮಾರು 8,800 ಕಡತಗಳಿರುವುದನ್ನು ಸರ್ಕಾರ ಒಪ್ಪಿಕೊಂಡಿತು. ಸಾಕ್ಷ್ಯವು ಅಷ್ಟು ಕಾಲವೂ ಪ್ರತಿವಾದಿಯ ಕಪಾಟಿನಲ್ಲಿತ್ತು! 2013ರಲ್ಲಿ 5,228 ಮಂದಿಗೆ ಪರಿಹಾರ ಘೋಷಣೆಯಾಯಿತು. ಕಡತಗಳು ಮಾತ್ರ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆಗಾರವನ್ನು ಸೇರಿದವು.

ಸಂತ ತೋಮಸ್ ಅಕ್ವಿನಾಸರು ಪ್ರತ್ಯರ್ಪಣೆಯನ್ನು ನ್ಯಾಯದ ಅಂಗವಾಗಿ ಚರ್ಚಿಸುತ್ತಾರೆ, ಔದಾರ್ಯದ ಅಂಗವಾಗಿ ಅಲ್ಲ. ಕಸಿದುಕೊಂಡದ್ದನ್ನೇ ಮರಳಿಸಬೇಕು, ಅದು ಅಸಾಧ್ಯವಾದಾಗಲಷ್ಟೇ ಬದಲಿ ಪರಿಹಾರದ ಮಾತು. ನೆರೆಯವನ ಜಮೀನಿನ ಪತ್ರ ಕದ್ದವನು ಪಾಪನಿವೇದನೆಗೆ ಬಂದು, ಜೆರಾಕ್ಸ್ ಪ್ರತಿ ಕೊಟ್ಟುಬಿಡುತ್ತೇನೆ ಎಂದರೆ ಯಾವ ಗುರುವೂ ಅದನ್ನು ಪಶ್ಚಾತ್ತಾಪವೆಂದು ಎಣಿಸುವುದಿಲ್ಲ.

ಈ ವಿಷಯದಲ್ಲಿ ಧರ್ಮಸಭೆಗೆ ಸ್ವಂತ ಅನುಭವವೂ ಉಂಟು. 1810ರಲ್ಲಿ ನೆಪೋಲಿಯನ್ ವ್ಯಾಟಿಕನ್ನಿನ ದಾಖಲೆಗಳನ್ನು ಪ್ಯಾರಿಸ್ಸಿಗೆ ತರಿಸಿಕೊಂಡನು. ಅವನ ಪತನದ ತರುವಾಯ ರೋಮ್ ಕೇಳಿದ್ದು ಮೂಲಗಳನ್ನೇ. ಗೆಲಿಲಿಯೋ ವಿಚಾರಣೆಯ ಕಡತ ಕೈಸೇರಲು 1843ರವರೆಗೆ ಕಾಯಬೇಕಾಯಿತು. ಸಾಗಣೆಯ ವೆಚ್ಚಕ್ಕೆ ಅಂಜಿ ನಮ್ಮವರೇ ಅಪಾರ ದಾಖಲೆಗಳನ್ನು ಪ್ಯಾರಿಸ್ಸಿನಲ್ಲಿ ರದ್ದಿಗೆ ಮಾರಿದರೆಂಬುದನ್ನೂ ಇಲ್ಲಿ ಮರೆಮಾಚಬಾರದು. ಹಿಂದಕ್ಕೆ ಪಡೆದವರೆಲ್ಲ ಚೆನ್ನಾಗಿ ಕಾಪಾಡುವರೆಂಬ ಭರವಸೆ ಇಲ್ಲವೆನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಕಾರಣಕ್ಕೆ ರೋಮಿನ ಹಕ್ಕು ಅಳಿಯಿತೆಂದು ನಾವು ಹೇಳಲಾರೆವು. ನೈರೋಬಿಯ ಹಕ್ಕನ್ನು ಅಳಿಸುವುದಾದರೂ ಹೇಗೆ?

ಸುರಕ್ಷತೆಯ ಚಿಂತೆ ಪ್ರಾಮಾಣಿಕವಾದದ್ದಾದರೆ ಅದಕ್ಕೆ ದಾರಿಯಿದೆ. ಸುರಿನಾಮಿನ ದಾಖಲೆಗಳನ್ನು ಇಟ್ಟುಕೊಂಡಿದ್ದ ನೆದರ್ಲೆಂಡ್ಸ್, ಪರಮಾರಿಬೋದಲ್ಲಿ ತಕ್ಕ ಕಟ್ಟಡ ಸಿದ್ಧವಾದ ಮೇಲೆ ಅವನ್ನು ಹಂತಹಂತವಾಗಿ ಕಳುಹಿಸಿ 2017ರಲ್ಲಿ ಮುಗಿಸಿತು. ಮೂಲಗಳು ಸುರಿನಾಮಿಗೆ ಹೋದವು. ಹೇಗ್ ನಗರದಲ್ಲಿ ಉಳಿದದ್ದು ಡಿಜಿಟಲ್ ಪ್ರತಿಗಳು.